ಅನುದಾನ: ಬಳಸುವ ಮುನ್ನ ಓದಿಕೊಳ್ಳಿ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹುಟ್ಟಿದ್ದನ್ನು ಸರ್ಕಾರದ ದುಡ್ಡಿನಿಂದ ಮಾರುಕಟ್ಟೆಗೆ ಮುಟ್ಟಿಸಲು ಹೊರಟವರಿಗಾಗಿ ಈ ಕೈಪಿಡಿ. ವಿವರಣೆಯ ಅನುಕೂಲಕ್ಕೆ ನೀವೊಬ್ಬ ಪ್ರಾಧ್ಯಾಪಕರು ಎಂದಿಟ್ಟುಕೊಳ್ಳೋಣ. ಅಡಿಕೆಗೆ ಕೊಳೆರೋಗ ತಗಲುವ ಸೂಚನೆಯನ್ನು ನಾಲ್ಕು ದಿನ ಮೊದಲೇ ಕೊಡುವ ಅಂಗೈಯಗಲದ ಡಬ್ಬಿಯೊಂದನ್ನು ಮಾಡಿದ್ದೀರಿ. ಮೇಜಿನ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೇಜಿನ ಮೇಲೆ ಮಳೆ ಬರುವುದಿಲ್ಲ, ಅದು ಬೇರೆ ಮಾತು.

ಮಾದರಿಯ ಆಯ್ಕೆ

ಅನುದಾನ ಹಲವು ಅಳತೆಗಳಲ್ಲಿ ಸಿಗುತ್ತದೆ. ಸಣ್ಣದು ನಿಧಿ-ಪ್ರಯಾಸ್, 10 ಲಕ್ಷದವರೆಗೆ. ಡಬ್ಬಿಯ ಮೊದಲ ರೂಪ ಕಟ್ಟಲು ಸಾಕು. ನಡುವಿನದು ಬೈರಾಕ್‌ನ ‘ಬಿಗ್’, 50 ಲಕ್ಷದವರೆಗೆ, ಅವಧಿ 18 ತಿಂಗಳು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಹುಟ್ಟುಹಾಕಿದ ಸಂಸ್ಥೆ ಬೈರಾಕ್. ಕರ್ನಾಟಕ ಸರ್ಕಾರದ ‘ಎಲಿವೇಟ್’ ಕೂಡ 50 ಲಕ್ಷದವರೆಗೆ ಕೊಡುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿಯ ಸಂಶೋಧನಾ ನಿಧಿಯ ಸುದ್ದಿ ಓದಿ ಹಿಗ್ಗಬೇಡಿ. ಅದು ಖಾಸಗಿ ಉದ್ಯಮಕ್ಕೆ ಸಾಲವಾಗಿ, ಬಂಡವಾಳವಾಗಿ ಹೋಗುವ ಹಣ. ಅದರ ಬಾಗಿಲು ತೆರೆಯುವುದೇ ಟಿಆರ್‌ಎಲ್ 4ರಿಂದ.

ಟಿಆರ್‌ಎಲ್ ಎಂದರೆ ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಹೇಳಲು ನಾಸಾದವರು ತಂದ ಅಳತೆಗೋಲು. 1 ಎಂದರೆ ಬರೀ ತತ್ವ, 9 ಎಂದರೆ ನಿಜವಾದ ಜಾಗದಲ್ಲಿ ದುಡಿದು ತೋರಿಸಿದ್ದು. ನಿಮ್ಮ ಡಬ್ಬಿ 3ರಲ್ಲಿದೆ. ಹಾಗೆಂದು ಬರೆದರೆ ಇನ್ನೂ ಹಸಿ ಎನ್ನುತ್ತಾರೆ. 6 ಎಂದು ಬರೆದರೆ ಇಷ್ಟು ಮಾಡಿದವರಿಗೆ ನಮ್ಮ ದುಡ್ಡು ಯಾಕೆ ಎನ್ನುತ್ತಾರೆ. ಅರ್ಜಿಯ ಪುಟ ತಿರುಗಿಸುತ್ತಾ ಹೋದಂತೆ 3 ತಾನಾಗಿಯೇ 4 ಆಗುವಂತೆ ಬರೆಯುವುದು ರೂಢಿ.

ಜೋಡಣೆಗೆ ಮೊದಲು

ಪೇಟೆಂಟ್ ಅರ್ಜಿ ಹಾಕುವ ತನಕ ಬಾಯಿ ಬಿಡಬೇಡಿ. ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಬಂದುಬಿಟ್ಟರೆ ನಿಮ್ಮ ಹೊಸತನಕ್ಕೆ ನೀವೇ ಸಾಕ್ಷಿ ಸಮೇತ ಅಡ್ಡ ಬಂದಂತೆ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ತಿ ವಿವರ ಸಲ್ಲಿಸಲು 12 ತಿಂಗಳು ಸಿಗುತ್ತದೆ. ಆದರೆ ಬಡ್ತಿಯ ಸಮಿತಿ ಲೇಖನ ಎಣಿಸುತ್ತದೆ, ಬಾಯಿ ಮುಚ್ಚಿಕೊಂಡದ್ದನ್ನು ಎಣಿಸುವುದಿಲ್ಲ.

ಇನ್ನು, ಈ ಡಬ್ಬಿ ಯಾರದು? ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಹಕ್ಕು ವಿಶ್ವವಿದ್ಯಾಲಯಕ್ಕೇ ದಕ್ಕಬಹುದು ಎಂದು ಅಮೆರಿಕ 1980ರಲ್ಲೇ ಬೇ-ಡೋಲ್ ಕಾಯ್ದೆ ಮಾಡಿ ತೀರ್ಮಾನಿಸಿತು. ಅದೇ ಜಾಡಿನ ಮಸೂದೆ ನಮ್ಮಲ್ಲಿ 2008ರಲ್ಲಿ ರಾಜ್ಯಸಭೆಗೆ ಬಂತು. ವರ್ಷಗಟ್ಟಲೆ ಕೂತು, ಕೊನೆಗೆ ವಾಪಸಾಯಿತು. ಹಾಗಾಗಿ ಮನೆಗೊಂದು ಕಟ್ಟಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯಮದ ಜೊತೆ ವ್ಯವಹರಿಸಲೆಂದೇ 1991ರಿಂದ ಪ್ರತ್ಯೇಕ ಸೊಸೈಟಿ ಇದೆ. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಫೈಲು ಕುಲಸಚಿವರಿಂದ ಸಿಂಡಿಕೇಟಿಗೆ, ಸಿಂಡಿಕೇಟಿನಿಂದ ಉಪಸಮಿತಿಗೆ ನಡೆಯುತ್ತದೆ. ನೀವೇ ಕಂಡುಹಿಡಿದದ್ದನ್ನು ನಿಮ್ಮದೇ ಕಂಪನಿಗೆ ಕೊಡಿಸಿಕೊಳ್ಳಲು ನೀವೇ ಮನವಿ ಬರೆಯಬೇಕು. ‘ಮಾನ್ಯರೇ’ ಎಂದು ಶುರುಮಾಡಿ.

ಅರ್ಜಿ ತುಂಬುವ ಕ್ರಮ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಕೆಲಸ. ಐದನೇ ವರ್ಷದ ಲಾಭ, ದೇಶದ ಒಟ್ಟು ಮಾರುಕಟ್ಟೆ, ಮೂರು ಪ್ರತಿಸ್ಪರ್ಧಿಗಳು. ಎಲ್ಲವನ್ನೂ ಬರೆಯಿರಿ. ‘ಕೃತಕ ಬುದ್ಧಿಮತ್ತೆ’ ಎಂಬ ಪದ ಎಲ್ಲಾದರೂ ಒಂದು ಕಡೆ ಇರಲಿ.

ಹಣ ಬಂದ ಮೇಲೆ

ಹಣ ಒಮ್ಮೆಗೇ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಒಂದೊಂದು ಕಂತಿಗೂ ಒಂದೊಂದು ಮೈಲಿಗಲ್ಲು. ನಿಮ್ಮ ಮೈಲಿಗಲ್ಲು ‘ತೋಟದಲ್ಲಿ ಪರೀಕ್ಷೆ’. ಕೊಳೆರೋಗ ಬರುವುದು ಮುಂಗಾರಿನಲ್ಲಿ. ಮೊದಲ ಮಳೆಗೆ ಮುಂಚೆ ಬೋರ್ಡೊ ದ್ರಾವಣ ಹೊಡೆದು, ಮತ್ತೆ ಸುಮಾರು ನಲವತ್ತು ದಿನಕ್ಕೆ ಇನ್ನೊಮ್ಮೆ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗದೆ ಮಲೆನಾಡು ಒದ್ದಾಡುವ ಕಾಲವದು. ನಿಮ್ಮ ಮೊದಲ ಕಂತು ಅಕ್ಟೋಬರಿನಲ್ಲಿ ಬಂತೆನ್ನಿ. ಮಳೆ ನಿಂತಿದೆ, ಅಡಿಕೆ ಅಂಗಳಕ್ಕೆ ಬರುವ ಹೊತ್ತು. ಮುಂದಿನ ಮಳೆಗಾಲದ ತನಕ ಡಬ್ಬಿಗೆ ಕೆಲಸವಿಲ್ಲ, ಆದರೆ ಮಾರ್ಚ್ 31 ಮಳೆಗಾಲಕ್ಕೆ ಕಾಯುವುದಿಲ್ಲ. ಆರ್ಥಿಕ ವರ್ಷದ ಕೊನೆಗೆ ಖರ್ಚಾಗದೆ ಉಳಿದ ಹಣ ಅಸಾಮರ್ಥ್ಯದ ಲಕ್ಷಣ. ಫೆಬ್ರವರಿಯಲ್ಲಿ ಹತ್ತಾರು ಪ್ರಯೋಗಾಲಯಗಳು ಒಟ್ಟಿಗೇ ಪ್ರಿಂಟರ್ ಕೊಳ್ಳುವುದು ಇದೇ ಕಾರಣಕ್ಕೆ.

ಕೊಳ್ಳುವುದಕ್ಕೂ ಕ್ರಮವಿದೆ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಕೊಂಡರೆ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ, ಟೆಂಡರು, ಮತ್ತು ಎಲ್-1 ಎಂಬ ದೇವತೆ. ಎಲ್-1 ಎಂದರೆ ಎಲ್ಲರಿಗಿಂತ ಕಡಿಮೆ ದರ ಹೇಳಿದವನು. ನಿಮಗೆ ಬೇಕಾದದ್ದು ತೇವದಲ್ಲೂ ತಪ್ಪದೆ ಅಳೆಯುವ ಸೆನ್ಸರ್. ಅವನು ಕೊಡುವುದು ಸೆನ್ಸರ್. ಕೇಂದ್ರದ ಸಂಸ್ಥೆಗಳಲ್ಲಿ ಎಲ್ಲವನ್ನೂ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡನ್ನು ವೈಜ್ಞಾನಿಕ ಉಪಕರಣಗಳ ಮಟ್ಟಿಗೆ 2025ರಲ್ಲಿ ಸಡಿಲಿಸಿದರು. ಒಳ್ಳೆಯ ಕೆಲಸವೇ. ಇದು ತಿಳಿಯಲು ಇಷ್ಟು ಕಾಲ ಯಾಕೆ ಬೇಕಾಯಿತೆಂದು ಈ ಕೈಪಿಡಿ ಕೇಳುವುದಿಲ್ಲ.

ಖರ್ಚು ಮಾಡಿದ ಮೇಲೆ ಬಳಕೆ ಪ್ರಮಾಣಪತ್ರ, ನಮೂನೆ 12-ಎ. ಅನುದಾನವೆಂಬ ಈ ಯಂತ್ರದ ಹೃದಯ ಇದೇ. ಯಾವ ಕೆಲಸಕ್ಕೆ ಕೊಟ್ಟ ಹಣ ಅದೇ ಕೆಲಸಕ್ಕೆ ವ್ಯಯವಾಗಿದೆ ಎಂದು ಸಹಿ ಹಾಕುತ್ತೀರಿ. ಖಾತೆಯಲ್ಲಿ ಬೆಳೆದ ಬಡ್ಡಿಯನ್ನು ಕೇಂದ್ರದ ಸಂಚಿತ ನಿಧಿಗೆ ಮರಳಿಸುತ್ತೀರಿ. ಕೊಳೆರೋಗ ಕಡಿಮೆಯಾಯಿತೇ ಎಂಬ ಕಾಲಂ ನಮೂನೆಯಲ್ಲಿ ಇಲ್ಲ. ರೂಪಾಯಿ ಎಲ್ಲಿಗೆ ಹೋಯಿತೆಂದು ಕೊನೆಯ ಪೈಸೆಯವರೆಗೂ ಹೇಳಬಲ್ಲ ವ್ಯವಸ್ಥೆಗೆ ಡಬ್ಬಿ ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸವಾಗಿಲ್ಲ. ಅದು ನಿಮ್ಮ ಬೀರುವಿನಲ್ಲಿದ್ದರೂ ಯೋಜನೆ ಯಶಸ್ವಿ.

ದೋಷ ನಿವಾರಣೆ

ಡಬ್ಬಿಯ ಸರ್ಕ್ಯೂಟ್ ಪೂರ್ತಿ ಗೊತ್ತಿದ್ದ ಹುಡುಗಿ ಕೆಲಸ ಬಿಟ್ಟಳು: ಸಹಜ. ಕೇಂದ್ರದ ಕಿರಿಯ ಸಂಶೋಧಕರ ವೇತನ 2023ರಿಂದ ತಿಂಗಳಿಗೆ 37,000. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಇದನ್ನು ಸಂಬಳ ಎನ್ನುವುದಿಲ್ಲ. ಅವಳ ಫೋನ್ ನಂಬರ್ ಉಳಿಸಿಕೊಳ್ಳಿ.

ಪರಿಶೀಲನಾ ಸಮಿತಿಯಲ್ಲಿ ಅಡಿಕೆ ಬೆಳೆದವರು ಒಬ್ಬರೂ ಇಲ್ಲ: ಇದು ದೋಷವಲ್ಲ, ವಿನ್ಯಾಸ.

ಈ ಯಂತ್ರ ಮಾಡದ ಕೆಲಸ

ಅನುದಾನ ಡಬ್ಬಿ ಮಾಡಿಕೊಡುತ್ತದೆ, ಗಿರಾಕಿಯನ್ನಲ್ಲ. 1950ರ ದಶಕದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿದಾಗ, ಕೊಳ್ಳುವವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಗುಜರಾತಿನ ಆಣಂದದಲ್ಲಿ ರೈತರ ಸಹಕಾರ ಸಂಘದ ಬಳಿ ಎಮ್ಮೆ ಹಾಲೂ ಇತ್ತು, ಪುಡಿ ಮಾಡುವ ಕಾರ್ಖಾನೆಯೂ ಇತ್ತು. ಅದನ್ನು ಅಮುಲ್ ಹೆಸರಿನಲ್ಲಿ ಅವರು ಮಾರಿದರು.

ನಿಮ್ಮ ಡಬ್ಬಿಯ ಮೊದಲ ಗಿರಾಕಿ ಸರ್ಕಾರವೇ ಆಗಬಾರದೇಕೆ ಎಂದು ಅನ್ನಿಸಬಹುದು. ಇಲಾಖೆಯ ಟೆಂಡರಿನಲ್ಲಿ ಮೂರು ವರ್ಷದ ವಹಿವಾಟು, ಹಿಂದೆ ಪೂರೈಸಿದ ಅನುಭವ ಕೇಳಿರುತ್ತಾರೆ. ನವೋದ್ಯಮಗಳಿಗೆ ಇವೆರಡರಿಂದಲೂ ವಿನಾಯಿತಿ ಕೊಡಬಹುದೆಂದು ಕೇಂದ್ರದ ನಿಯಮವಿದೆ. ‘ಬಹುದು’ ಎಂದರೆ ಮೇಜಿನಾಚೆ ಕೂತ ಅಧಿಕಾರಿಗೆ ಧೈರ್ಯವಿದ್ದರೆ. ಆಡಿಟ್ ನೆನಪಿರುವವರಿಗೆ ಧೈರ್ಯ ಕಡಿಮೆ.

ಉಳಿದವರು ತೋಟದವರು. ತೀರ್ಥಹಳ್ಳಿಯ ಕಡೆಯ ಬೆಳೆಗಾರರೊಬ್ಬರು ಡಬ್ಬಿಯನ್ನು ಆಚೀಚೆ ತಿರುಗಿಸಿ ನೋಡಿ, ಬೆಲೆ ಕೇಳಿ, ‘ಒಂದು ಮಳೆಗಾಲ ಇಲ್ಲೇ ಇಟ್ಟು ಹೋಗಿ ಮಾರಾಯ್ರೇ, ನೋಡುವ’ ಎನ್ನುತ್ತಾರೆ. ಎಲ್ಲ ಸಮಿತಿಗಳ ಎಲ್ಲ ಪ್ರಶ್ನೆಗಳಿಗಿಂತ ಇದು ಗಟ್ಟಿಯಾದ ಪರೀಕ್ಷೆ. ಒಪ್ಪಿಕೊಳ್ಳಿ, ಹತ್ತು ಡಬ್ಬಿ ಬಿಟ್ಟುಬನ್ನಿ. ಮಂಜೂರಾತಿ ಪತ್ರದಲ್ಲಿ ಹೀಗೆ ಪುಕ್ಕಟೆ ಬಿಟ್ಟುಬರುವುದಕ್ಕೆ ಲೆಕ್ಕಶೀರ್ಷಿಕೆ ಇರುವುದಿಲ್ಲ. ‘ಇತರೆ ವೆಚ್ಚ’ದಲ್ಲಿ ತೋರಿಸಿ. ತೋಟಕ್ಕೆ ಹೋದ ಜೀಪಿನ ಬಿಲ್ಲು ಜಿಎಸ್‌ಟಿ ಸಂಖ್ಯೆ ಸಮೇತ ಇರಬೇಕು.