ಗಡಸು ನೀರಿಗೂ ಒಂದು ಮರ್ಯಾದೆ

ನಿಮ್ಮ ಕಾಂಪೌಂಡ್ ಗೋಡೆ ತುಂಬ ಅಂಟಿಕೊಂಡು ಹಬ್ಬಿದೆಯಲ್ಲ ಮೇಷ್ಟ್ರೇ, ಆ ಬಳ್ಳಿ ಸಾಮಾನ್ಯದ್ದಲ್ಲ. ಆಲ, ಅರಳಿ, ಅತ್ತಿಯ ಕುಲ. ಅದರದೇ ಒಂದು ತಳಿ ತೈವಾನಿನ ಬೆಟ್ಟಗಳಲ್ಲಿ ಮರಕ್ಕೆ ಹಬ್ಬಿ ಬೆಳೆಯುತ್ತೆ. ಅದರ ಬೀಜದಿಂದ ಅಲ್ಲಿಯವರು ಬೇಸಿಗೆಗೆ ಜೆಲ್ಲಿ ಮಾಡ್ಕೊಂಡು ತಿಂತಾರೆ. ಐಯು ಅಂತಾರೆ ಅದಕ್ಕೆ.

ಒಲೆ ಹಚ್ಚೋ ಕೆಲಸವೇ ಇಲ್ಲ ರೀ! ಕಾಯಿಯ ಸಿಪ್ಪೆ ಹೆರೆದು, ಸೀಳಿ, ಒಳಮಗ್ಗುಲು ಹೊರಗೆ ಮಾಡಿ ಒಣಗಿಸ್ತಾರೆ. ಬೀಜ ಕೆರೆದು ಬಟ್ಟೆ ಚೀಲಕ್ಕೆ ಹಾಕಿ, ತಣ್ಣೀರಲ್ಲಿ ಮುಳುಗಿಸಿ ಹಿಸುಕ್ತಾ ಕೂರೋದು. ಬೆರಳ ಸಂದೀಲಿ ಲೋಳೆ ಜಾರುತ್ತೆ, ನೀರು ತಿಳಿಹಳದಿಗೆ ತಿರುಗುತ್ತೆ. ಅಲ್ಲಾಡಿಸದೆ ಇಟ್ಟರೆ ತಾನೇ ಗಟ್ಟಿಯಾಯ್ತು. ಕೈಯಲ್ಲಿ ಎಣ್ಣೆ ಜಿಡ್ಡು ಇರಕೂಡದು, ಸಕ್ಕರೆ ಮೊದಲೇ ಹಾಕಕೂಡದು. ಆಮೇಲೆ ಕತ್ತರಿಸಿ ನಿಂಬೆರಸ, ಜೇನು, ಐಸು. ನಮ್ಮ ಕಡೆ ದಾಗಡಿ ಸೊಪ್ಪು ನೀರಲ್ಲಿ ಹಿಸುಕಿ ಗಟ್ಟಿ ಮಾಡ್ತಾರಲ್ಲ, ಹಾಗೇ ಅನ್ನಿ.

ಲಿಯಾನ್ ಹೆಂಗ್ ಅನ್ನೋರು ಬರೆದ ತೈವಾನ್ ಇತಿಹಾಸದಲ್ಲಿ ಇದರ ಕಥೆ ಇದೆ. 19ನೇ ಶತಮಾನದ ಮೊದಲ ಭಾಗ. ಜಿಯಾಯಿ ಕಡೆ ಹೊರಟ ವ್ಯಾಪಾರಿಯೊಬ್ಬ ಬಾಯಾರಿ ಹಳ್ಳಕ್ಕೆ ಬಗ್ಗಿದರೆ ನೀರು ಹೆಪ್ಪುಗಟ್ಟಿದೆ! ಮೇಲೆ ನೋಡಿದರೆ ಈ ಕಾಯಿ. ಮನೆಗೆ ಒಯ್ದು ಮಾಡಿದ; ಐಯು ಅನ್ನೋ ಹದಿನೈದರ ಮಗಳು ಅದನ್ನು ಮಾರಿದಳು.

ಹಾಗಂತ ನಿಮ್ಮ ಗೋಡೆಗೆ ಏಣಿ ಹಾಕಬೇಡಿ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ಆಡಿಕೊಳ್ತೀವಲ್ಲ, ಅಂಥ ಹುಳದ ಹಂಗಿಲ್ಲದೆ ಈ ಬಳ್ಳಿಯಲ್ಲೂ ಬೀಜವೇ ಕಟ್ಟೋದಿಲ್ಲ. ಕಿರುಗಾತ್ರದ ಒಂದು ಕಣಜ, ಹೆಣ್ಣು ಬಳ್ಳಿಯ ಕಾಯಿಯೊಳಗೆ ನುಗ್ಗಿ, ಮೊಟ್ಟೆ ಇಡಲಾಗದೆ, ಪರಾಗ ಮಾತ್ರ ಮುಟ್ಟಿಸಿ ಅಲ್ಲೇ ಸಾಯುತ್ತೆ. ಕಣಜ ಹುಟ್ಟಿ ಬೆಳೆಯೋದು ಗಂಡು ಬಳ್ಳಿಯ ಕಾಯೊಳಗೆ. ಆ ಕಣಜ ಇಲ್ಲದ ಕಡೆ ಏಣಿ ಹತ್ತಿದರೂ ಬೀಜ ಸಿಗೋದಿಲ್ಲ.

ಇನ್ನೂ ಮಜಾ ಇದೆ. ಲೋಳೆಯಲ್ಲಿರೋ ಪೆಕ್ಟಿನ್ ಎಳೆಗಳನ್ನು ಸಜ್ಜು ಮಾಡೋ ಕಿಣ್ವ ಬೀಜದಲ್ಲೇ ಇದೆ, ಕುದಿಸಿದರೆ ಕೆಟ್ಟಿತು. ಆ ಎಳೆಗಳನ್ನು ಹೆಣೆಯೋದು ಮಾತ್ರ ನೀರಲ್ಲಿರೋ ಕ್ಯಾಲ್ಸಿಯಂ. ಆರ್‌ಓ ಮೆಷಿನ್ನು ಅದನ್ನೇ ತೆಗೆದುಹಾಕುತ್ತೆ. ಆ ನೀರಲ್ಲಿ ತೋಳು ಸೋಲುವಷ್ಟು ಹಿಸುಕಿದರೂ ನೀರು ನೀರೇ. ಗೀಸರ್ ಕೆಡಿಸುತ್ತೆ, ಕೂದಲು ಉದುರಿಸುತ್ತೆ, ಬಕೆಟ್ಟಿಗೆ ಬಿಳಿ ಕಟ್ಟುತ್ತೆ ಅಂತ ನಾವು ದಿನಾ ಬೈಯ್ಯೋ ಬೋರ್‌ವೆಲ್ ನೀರಿದೆಯಲ್ಲ, ಅದಕ್ಕಿಲ್ಲಿ ಮಣೆ!

ತೈವಾನಿಗೆ ಹೋಗೋರು ಯಾರಾದರೂ ಇದ್ದರೆ ಒಣಬೀಜ ತರಿಸಿ ಮೇಷ್ಟ್ರೇ. ನೀರಿನ ಖರ್ಚು ನನ್ನದು.