ಅಂಡಕ ಬಳಕೆಯ ಕೈಪಿಡಿ (ತೆಂಗಿನ ಮರಗಳಿಗೆ ಮಾತ್ರ)

ಮಾನ್ಯ ತೆಂಗಿನ ಮರವೇ,

ಸಂತಾನಕ್ಕಾಗಿ ಅಂಡಕವನ್ನೇ ನೆಚ್ಚಿಕೊಂಡದ್ದಕ್ಕೆ ವಂದನೆಗಳು. ನಿಮಗೆ ಬೇರೆ ದಾರಿಯೇನೂ ಇರಲಿಲ್ಲ. ಬೀಜ ಬಿಡುವ ಗಿಡಮರಗಳಲ್ಲೆಲ್ಲ ಬೀಜವಾಗುವುದು ಅಂಡಕವೇ. ಆದರೂ ವಂದಿಸುವುದು ಪದ್ಧತಿ. ಹೊಂಬಾಳೆ ಬಿರಿಯುವ ಮುನ್ನ ಪೂರ್ತಿ ಓದಿಕೊಳ್ಳಿ.

1. ಒಳಗೆ ಏನೇನಿದೆ
ಪ್ರತಿ ಹೆಣ್ಣು ಹೂವಿನ ಅಂಡಾಶಯದಲ್ಲಿ ಮೂರು ಕೋಣೆ, ಕೋಣೆಗೊಂದು ಅಂಡಕ. ಸಾಮಾನ್ಯವಾಗಿ ಕೆಲಸಕ್ಕೆ ಬರುವುದು ಒಂದೇ, ಉಳಿದೆರಡು ಮುರುಟಿಹೋಗುತ್ತವೆ. ದೂರು ಕೊಡಬೇಡಿ, ತಯಾರಿಕೆಯೇ ಹಾಗೆ. ಅಂಡಕಕ್ಕೆ ಹೊದಿಕೆ, ಹೊದಿಕೆಯಲ್ಲೊಂದು ಸಣ್ಣ ಕಂಡಿ, ಒಳಗೆ ಭ್ರೂಣಚೀಲ. ಅದರಲ್ಲಿ ಒಂದು ಅಂಡಾಣು, ನಡುವೆ ಎರಡು ಕೋಶಕೇಂದ್ರಗಳು.

2. ಬಳಸುವ ಮುನ್ನ
ನೀವು ಎತ್ತರದ ತಳಿಯವರಾದರೆ ಹೊಂಬಾಳೆಯ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂ ಆಮೇಲೆ ಸಿದ್ಧವಾಗುತ್ತದೆ. ಮನೆಯ ಪರಾಗ ಮನೆಗೇ ಬೀಳದಿರಲೆಂದು ಈ ಏರ್ಪಾಡು. ನೆರೆಮರದ ಪರಾಗವನ್ನು ಗಾಳಿಯೋ ಜೇನೋ ತರುವವರೆಗೆ ಕಾಯಿರಿ. ಹೆಣ್ಣು ಹೂ ಕಾಯುವುದು ಒಂದೆರಡು ದಿನ, ಹೆಚ್ಚೆಂದರೆ ಮೂರು.

3. ಚಾಲೂ ಮಾಡುವ ವಿಧಾನ
ಪರಾಗನಳಿಕೆ ಇಳಿದು ಬಂದು ಎರಡು ಗಂಡು ಲಿಂಗಾಣುಗಳನ್ನು ಒಪ್ಪಿಸುತ್ತದೆ. ಒಂದು ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಆ ಎರಡು ಕೋಶಕೇಂದ್ರಗಳನ್ನು ಕೂಡಿ ಭ್ರೂಣಾಹಾರವಾಗುತ್ತದೆ. ಒಂದು ಮಗು, ಇನ್ನೊಂದು ಮಗುವಿನ ಬುತ್ತಿ. ಈ ಜೋಡಿ ಕೂಡಿಕೆಯನ್ನು ರಷ್ಯದ ಸೆರ್ಗೇಯ್ ನವಾಶಿನ್ 1898ರಲ್ಲಿ ಲಿಲ್ಲಿ ಹೂಗಳಲ್ಲಿ ಕಂಡುಹಿಡಿದರು. ಹೂ ಬಿಡುವ ಸಸ್ಯಗಳು ಯಾರ ಅಪ್ಪಣೆಗೂ ಕಾಯದೆ ಕೋಟ್ಯಂತರ ವರ್ಷಗಳಿಂದ ಅದನ್ನೇ ನಡೆಸಿಕೊಂಡು ಬಂದಿದ್ದವು.

4. ನಿರ್ವಹಣೆ
ಬುತ್ತಿ ಮೊದಲು ಬರೀ ನೀರು, ಅದೇ ಎಳನೀರು. ಸುಮಾರು ಆರನೇ ತಿಂಗಳಿನಿಂದ ಒಳಗೋಡೆಗೆ ತಿರುಳು ಕಟ್ಟತೊಡಗುತ್ತದೆ. 12 ತಿಂಗಳಿಗೆ ಕಾಯಿ ಬಲಿಯುತ್ತದೆ. ಅಂಡಕದ ಹೊದಿಕೆ ಈಗ ತಿರುಳಿಗಂಟಿದ ಕಂದು ಸಿಪ್ಪೆ. ಕರಟವನ್ನೂ ನಾರನ್ನೂ ಅಂಡಕದ ಲೆಕ್ಕಕ್ಕೆ ಬರೆಯಬೇಡಿ; ಅವೆರಡೂ ಅಂಡಾಶಯದ ಗೋಡೆ.

5. ತೊಂದರೆ, ಪರಿಹಾರ
ಹರಳು (ಎಳೆಗಾಯಿ) ಉದುರುತ್ತಿದೆ: ಅರ್ಧಕ್ಕಿಂತ ಹೆಚ್ಚು ಉದುರುವುದು ಮಾಮೂಲು. ಪರಾಗ ಸಿಗದಿದ್ದರೆ, ಬುಡಕ್ಕೆ ನೀರು ಗೊಬ್ಬರ ಸಾಲದಿದ್ದರೆ ಇನ್ನಷ್ಟು ಉದುರುತ್ತದೆ.
ಮೂರು ಕಣ್ಣಿವೆ, ಮೊಳಕೆ ಎಲ್ಲಿಂದ?: ಮೆತ್ತಗಿರುವ ಕಣ್ಣಿನಿಂದ. ಅದು ಫಲಿಸಿದ ಅಂಡಕದ ಕೋಣೆಯದು. ಸೆಂಟಿಮೀಟರೂ ಇಲ್ಲದ ಭ್ರೂಣ ಅದರ ಕೆಳಗೇ ಮಲಗಿದೆ. ಗಟ್ಟಿ ಕಣ್ಣುಗಳೆರಡೂ ಮುರುಟಿದ ಅಂಡಕಗಳ ಪಾಲಿನವು.
ಯಾರೋ ಕತ್ತಿ ಹಿಡಿದು ಹತ್ತುತ್ತಿದ್ದಾರೆ: ಇದಕ್ಕೆ ಪರಿಹಾರವಿಲ್ಲ.

6. ಗ್ಯಾರಂಟಿ
ಎಳನೀರಿಗೆ ಕೊಚ್ಚಿದರೆ, ದೇವರ ಮುಂದೆ ಒಡೆದರೆ, ಚಟ್ನಿಗೆ ತುರಿದರೆ, ತಿಪಟೂರಿನ ಕಡೆಯ ಅಟ್ಟಗಳಲ್ಲಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಇಟ್ಟರೆ ಗ್ಯಾರಂಟಿ ರದ್ದು. ಬಿತ್ತಿದರೆ ಮಾತ್ರ ಊರ್ಜಿತ. ಆಗ ಭ್ರೂಣದಿಂದ ಮೆತ್ತನೆಯ ಗಡ್ಡೆಯೊಂದು ಕಾಯಿಯ ಒಳಕ್ಕೆ ಬೆಳೆದು, ತಿರುಳಿನ ಸಾರವನ್ನು ಹೀರಿ ಸಸಿಗೆ ಉಣಿಸುತ್ತದೆ. ತೆಂಗಿನಕಾಯಿ ತಯಾರಾದದ್ದು ಈ ಒಂದು ಕೆಲಸಕ್ಕೆ. ಮಿಕ್ಕ ಉಪಯೋಗಗಳೆಲ್ಲ ಮಗುವಿನ ಬುತ್ತಿಗೆ ಮನುಷ್ಯರು ಹಾಕಿದ ಕೈ.

ತೋಟದವರೇ, ಈ ಕೈಪಿಡಿ ಹೇಗೋ ನಿಮ್ಮ ಕೈಸೇರಿದ್ದರೆ, ಒಳ್ಳೆಯ ಮರದ ನಾಲ್ಕು ಕಾಯಿಗಳನ್ನಾದರೂ ಬಿತ್ತನೆಗೆ ಬಿಡಿ.