ಸರಳ ಸಜ್ಜನರ ಸಂಕಷ್ಟ

ಬೇಲಿಯಾಚೆಯ ಮಾಷ್ಟ್ರು ಪೇಪರ್ ತರಿಸುವುದೇ ಅದರೊಟ್ಟಿಗೆ ಜಗಳ ಮಾಡುವುದಕ್ಕೆ. ನಮ್ಮದು ಕಡಬ. 2018ರಲ್ಲಿ ಬೇರೆ ತಾಲೂಕಾದರೂ ವೋಟು ಸುಳ್ಯ ಕ್ಷೇತ್ರಕ್ಕೇ. ಹಾಗಾಗಿ ಮಾತು ಎಲ್ಲಿ ಶುರುವಾದರೂ ನಮ್ಮ ಮಾಜಿ ಶಾಸಕ ಅಂಗಾರರ ಹತ್ತಿರ ಬಂದು ನಿಲ್ಲುತ್ತದೆ.

"ಅವರ ಹೆಸರಿನ ಮುಂದೆ 'ಸರಳ, ಸಜ್ಜನ' ಅಂತ ಸೇರಿಸದೆ ಪೇಪರಿನವರು ಬರೆದದ್ದುಂಟಾ?"

"ಸರಳರೇ ಅಲ್ವಾ ಮಾಷ್ಟ್ರೇ?"

"ಅಲ್ಲ ಅಂದವರು ಯಾರು ಮಾರಾಯ್ರೇ! 1994ರಿಂದ ಸತತ ಆರು ಸಲ ಗೆದ್ದರು, ಮಂತ್ರಿಯಾದದ್ದು 2021ರಲ್ಲಿ. ಸಜ್ಜನ, ಸಜ್ಜನ ಅಂತ ಬರೆದೂ ಬರೆದೂ, ಇವರಿಗೆ ಏನು ಕೊಡದಿದ್ದರೂ ನಡೀತದೆ ಅಂತಾಯ್ತು. 2023ರಲ್ಲಿ ಟಿಕೆಟ್ ತಪ್ಪಿದಾಗ ರಾಜಕೀಯವೇ ಬೇಡ ಅಂದರು, ಊರಿಗೆಲ್ಲ ಆಶ್ಚರ್ಯ. ಯಾಕೆ, ಸಜ್ಜನರಿಗೆ ಸಿಟ್ಟು ಬರಬಾರದಾ?"

ಆ ಸಿಟ್ಟು ಹೆಚ್ಚು ದಿನ ಉಳಿಯಲಿಲ್ಲ, ಅವರು ಮಾತು ಹಿಂದೆಗೆದುಕೊಂಡರು. ಆದರೆ ಈ ಹೊಗಳಿಕೆಗೆ ಇನ್ನೊಂದು ಮಗ್ಗುಲೂ ಉಂಟು. ಒಳ್ಳೆಯ ಜನ ಅಂತ ದಿನಾ ಓದಿದ ಮೇಲೆ, ನಮ್ಮ ಸೇತುವೆ ಎಲ್ಲಿಗೆ ಬಂತು ಅಂತ ಕೇಳುವುದಕ್ಕೆ ನಮಗೂ ಒಂಥರಾ ನಾಚಿಕೆ.

ದೇವರಗುಂಡದ ಸದಾನಂದ ಗೌಡರಿಗೆ ಪೇಪರಿನವರಿಂದ ಸಿಕ್ಕಿದ ಹೆಸರು 'ನಗುಮೊಗ'. 2011ರ ಆಗಸ್ಟಿನಿಂದ ಒಂದು ವರ್ಷ ತುಂಬದ ಮುಖ್ಯಮಂತ್ರಿಗಿರಿ. ಸರಕಾರಿ ಕೆಲಸಕ್ಕೆ ಗಡುವು ಹಾಕಿದ 'ಸಕಾಲ' ಶುರುವಾದದ್ದು ಅವರ ಕಾಲದಲ್ಲೇ, 2012ರ ಏಪ್ರಿಲಿನಲ್ಲಿ. ಈಗ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಹೇಳುವುದು ಆ ನಗುವಿನ ಸುದ್ದಿಯನ್ನೇ.

ಪುತ್ತೂರಿನದ್ದು ಬೇರೆಯೇ ಕಥೆ. 2023ರಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈಗಳಿಗೆ 66,607 ವೋಟು, ಅರುಣ್ ಕುಮಾರ್ ಪುತ್ತಿಲರಿಗೆ 62,458, ಬಿಜೆಪಿಯ ಆಶಾ ತಿಮ್ಮಪ್ಪರಿಗೆ 37,558. ಮತಯಂತ್ರದಲ್ಲಿ ಪುತ್ತಿಲರು ಪಕ್ಷೇತರ, ಪೇಪರಿನಲ್ಲಿ ಬಿಜೆಪಿಯ 'ಬಂಡಾಯ'. ಬಂಡಾಯ ಅಂದ ಕೂಡಲೇ ಮನೆಯ ಯಜಮಾನ ಪಕ್ಷ ಅಂತಾಯ್ತು. ಅರುವತ್ತೆರಡು ಸಾವಿರ ಜನ ಗುಂಡಿ ಒತ್ತಿದ್ದು, ಓದುವವರ ಕಣ್ಣಿಗೆ ಆ ಮನೆಯಿಂದ ಕದ್ದ ತೆಂಗಿನಕಾಯಿಯ ಹಾಗೆ ಕಾಣುತ್ತದೆ. ಗೆದ್ದ ರೈಗಳ ಪಾಲಿಗೂ ನಷ್ಟವೇ. 'ಬಂಡಾಯದ ಲಾಭ' ಅಂತ ಬರೆದುಬಿಟ್ಟರೆ ಅವರು ಊರೂರು ಸುತ್ತಿದ್ದಕ್ಕೆ ಲೆಕ್ಕವೇ ಇಲ್ಲ.

"ನಮ್ಮ ಊರ ಪೇಪರ್ 'ಸುದ್ದಿ ಬಿಡುಗಡೆ'ಯೇ ವಾಸಿ" ಅಂದೆ.

"ವಾಸಿಯಾಗದೆ ಎಂತ? ಇವತ್ತು ಬೈದು ಬರೆದವ ನಾಳೆ ಜಾತ್ರೆಯಲ್ಲಿ ಅದೇ ಎಂಎಲ್ಎ ಪಕ್ಕ ಊಟಕ್ಕೆ ಕೂರಬೇಕಲ್ಲ!"

ಅದೂ ಹೌದು. ಬೆಂಗಳೂರಿನ ಪೇಪರಿಗೆ ಆ ದಾಕ್ಷಿಣ್ಯ ಇಲ್ಲ. ಅಲ್ಲಿ ಒಬ್ಬೊಬ್ಬರಿಗಲ್ಲ, ಇಡೀ ದಕ್ಷಿಣ ಕನ್ನಡ ಜಿಲ್ಲೆಗೇ ಒಂದು ಹೆಸರು: 'ಹಿಂದುತ್ವದ ಪ್ರಯೋಗಶಾಲೆ'. ಅಡಿಕೆ ಕೊಳೆರೋಗಕ್ಕೆ ಮದ್ದು ಬಿಡುವವನೂ, ಬೀಡಿ ಕಟ್ಟುವವಳೂ, ರಬ್ಬರ್ ಟ್ಯಾಪಿಂಗ್‌ನವನೂ ಎಲ್ಲ ಅದರೊಳಗೆ.

ಮಾಷ್ಟ್ರು ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕನ್ನಡಕ ಮೇಲೇರಿಸಿ ಕೇಳಿದರು: "ಇಷ್ಟು ವರ್ಷದ ಪ್ರಯೋಗ ಅಲ್ವಾ, ರೆಕಾರ್ಡ್ ಪುಸ್ತಕ ಯಾರ ಹತ್ತಿರ ಉಂಟಂತೆ?"